ಮಳೆಯ ದಿನಗಳೂ ಸೂಜಿಗೆಲಸವೂ



ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತು ನಮ್ಮ ರೈತರಲ್ಲಿ ಉಂಟು. ಜೂನ್ ತಿಂಗಳ ಕೊನೆಯ ವಾರದಲ್ಲಿ ಹಾಸನದಲ್ಲಿ ಎರಡು ದಿನ ತಂಗಿದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಕಣ್ಣುಬಿಟ್ಟಾಗ ಕಂಡ ಬೂದು ಬಣ್ಣದ ಆಕಾಶವೇ ಸಂಜೆಯವರೆಗೂ ಇರುತ್ತದೆ. ಸೋನೆ ನಿಲ್ಲುವುದೂ ಇಲ್ಲ, ಬಿರುಸಾಗಿ ಸುರಿದು ಮುಗಿಯುವುದೂ ಇಲ್ಲ. ಒಗೆದ ಬಟ್ಟೆ ಮೂರು ದಿನ ಹಜಾರದ ಹಗ್ಗದ ಮೇಲೆ ನೇತಾಡುತ್ತದೆ. ಹಪ್ಪಳ ಸಂಡಿಗೆಗಳ ಮಾತನ್ನು ಯಾರೂ ಎತ್ತುವುದಿಲ್ಲ. ಮಕ್ಕಳು ಕಿಟಕಿಯ ಸರಳು ಹಿಡಿದು ನಿಂತು, ಮಳೆ ಯಾವಾಗ ಬಿಡುತ್ತದೆಂದು ಗಳಿಗೆಗೊಮ್ಮೆ ಕೇಳುತ್ತಾರೆ. ಇಂಥ ದಿನಗಳಿಗೆ ಒಪ್ಪುವ ಒಂದು ಕೆಲಸವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅದು ಸೂಜಿಗೆಲಸ, ಅದರಲ್ಲಿಯೂ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಯುವ ಕಸೂತಿ.

ಮಳೆಯೆಂದರೆ ಎಲ್ಲ ಊರಿಗೂ ಒಂದೇ ಬಗೆಯದಲ್ಲ. ಹಾಸನಕ್ಕೂ ಅರಕಲಗೂಡಿಗೂ ಮಲೆನಾಡಿನ ನೆರಳು ತಾಕುತ್ತದೆ; ಅಲ್ಲಿ ಸೋನೆ ಹಿಡಿದರೆ ವಾರಗಟ್ಟಲೆ ಹಿಡಿಯಿತು. ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ಮೋಡ ಅರ್ಧ ಬರಿದಾಗಿರುತ್ತದೆ. ಆದರೂ ಮೇಲಣ ಸೀಮೆಯ ಮಳೆಯನ್ನೆಲ್ಲ ಹೊತ್ತು ತರುವ ಹೇಮಾವತಿ ಅಲ್ಲಿ ಊರ ಮಗ್ಗುಲಲ್ಲಿಯೇ ಹರಿಯುತ್ತಾಳೆ. ಚನ್ನರಾಯಪಟ್ಟಣವಂತೂ ಬಯಲುಸೀಮೆಯ ಊರು. ಆಷಾಢದಲ್ಲಿ ಅಲ್ಲಿ ಗಾಳಿಯೇ ಹೆಚ್ಚು. ಗುಡುಗು ಸಿಡಿಲುಗಳೊಡನೆ ಸುರಿದು ಮುಗಿಯುವ ದೊಡ್ಡ ಮಳೆಗಳು ಬೇಸಗೆಯ ಕೊನೆಯಲ್ಲಿಯೂ ಚಿತ್ತೆ ಸ್ವಾತಿಗಳಲ್ಲಿಯೂ ಸಂಜೆಯ ಹೊತ್ತಿಗೆ ಬರುತ್ತವೆ. ಆದಕಾರಣ ಅರಕಲಗೂಡಿನವರು ಹದಿನೈದು ದಿನದ ಕೆಲಸವನ್ನು ಹಿಡಿಯಬಹುದು. ಚನ್ನರಾಯಪಟ್ಟಣದವರಿಗೆ ಒಂದು ಕರವಸ್ತ್ರದ ಮೂಲೆಯೇ ಸಾಕಾದೀತು. ಮಳೆಯನ್ನು ನೋಡಿ ಬಿತ್ತನೆಯ ಬೀಜವನ್ನು ಆರಿಸುವಂತೆ, ಮಳೆಯನ್ನು ನೋಡಿಯೇ ಹೊಲಿಗೆಯನ್ನೂ ಆರಿಸತಕ್ಕದ್ದು.

ಈ ಸೀಮೆಯಲ್ಲಿ ಆಷಾಢಕ್ಕೂ ಹೊಲಿಗೆಗೂ ಇನ್ನೊಂದು ಬಗೆಯ ಹೊಂದಿಕೆಯುಂಟು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಆ ತಿಂಗಳು ತವರಿಗೆ ಬರುವುದು ಹಳೆಯ ವಾಡಿಕೆ. ಹೊರಗೆ ಮಳೆ, ಒಳಗೆ ಬಿಡುವು. ಅಂಥ ಒಂದು ತಿಂಗಳಲ್ಲಿ ಹುಟ್ಟಿದ ಗಿಳಿಗಳೂ ಗುಲಾಬಿಗಳೂ ಗಾಜಿನ ಚೌಕಟ್ಟಿನಲ್ಲಿ ಕುಳಿತು ಎಷ್ಟೋ ಮನೆಗಳ ನಡುಮನೆಯನ್ನು ಅಲಂಕರಿಸಿದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಈ ಗಿಳಿ ಗುಲಾಬಿಗಳು ಎಲ್ಲಿಂದ ಬಂದವು? 19ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಚೌಕಳಿ ಕಾಗದದ ಮೇಲೆ ಬಣ್ಣ ತುಂಬಿದ ನಮೂನೆಗಳನ್ನು ಅಚ್ಚುಹಾಕಿ ಮಾರತೊಡಗಿದರು. ಕಾಗದದ ಒಂದು ಮನೆಗೆ ಬಟ್ಟೆಯಲ್ಲಿ ಒಂದು ಹೊಲಿಗೆ. ಚಿತ್ರ ಬರೆಯಲು ಬಾರದವರೂ ಎಣಿಸಬಲ್ಲವರಾದರೆ ಸಾಕು. ಬಿರುಸಾದ ಜಾಲರಿಬಟ್ಟೆಯ ಮೇಲೆ ಉಣ್ಣೆಯ ನೂಲಿನಿಂದ ಮಾಡುವ ಈ ಕೆಲಸ ಯುರೋಪಿನಲ್ಲೆಲ್ಲ ಹಬ್ಬಿತು. ನಮ್ಮ ದೇಶದ ಮಿಷನ್ ಶಾಲೆಗಳಲ್ಲಿಯೂ ಹೆಣ್ಣುಮಕ್ಕಳಿಗೆ ಸೂಜಿಗೆಲಸ ಒಂದು ಪಾಠವಾಗಿತ್ತು. ನಮ್ಮಲ್ಲಿ ಜಾಲರಿಬಟ್ಟೆಯ ಸ್ಥಾನವನ್ನು ಮ್ಯಾಟಿ ಬಟ್ಟೆ ವಹಿಸಿಕೊಂಡಿತು.

ಹಾಗೆಂದು ಎಣಿಸಿ ಹೊಲಿಯುವ ವಿದ್ಯೆ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾದುದಿಲ್ಲ. ಧಾರವಾಡದ ಸೀಮೆಯ ಹೆಂಗಸರು ಇಳಕಲ್ ಸೀರೆಗೂ ಕುಪ್ಪಸಕ್ಕೂ ಹಾಕುತ್ತ ಬಂದಿರುವ ಕಸೂತಿ ಶುದ್ಧವಾದ ಎಣಿಕೆಯ ಕಲೆ. ಅವರು ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡುವುದಿಲ್ಲ. ನೂಲಿಗೆ ಗಂಟು ಹಾಕುವುದಿಲ್ಲ. ಅದರಲ್ಲಿ ನಾಲ್ಕು ಬಗೆಯ ಹೊಲಿಗೆ: ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗಾವಂತಿ ನೇರ ಗೆರೆಯದು. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದು. ನೇಯ್ಗೆ ಮಗ್ಗದಲ್ಲಿ ನೆಯ್ದಂತೆ ತೋರುವುದು. ಮೆಂತೆ, ಮೆಂತ್ಯದ ಕಾಳು ಹರಡಿದಂತೆ ಕಾಣುವ ಅಡ್ಡಕತ್ತರಿ ಹೊಲಿಗೆ. ಮ್ಯಾಟಿ ಬಟ್ಟೆಯ ಗಿಳಿಯೂ ಇಳಕಲ್ ಸೆರಗಿನ ಮೆಂತೆಯೂ ಹೀಗೆ ಅಕ್ಕತಂಗಿಯರೇ.

ಇನ್ನು ಕೆಲಸದ ಲೆಕ್ಕಕ್ಕೆ ಬರೋಣ. ಒಂದು ನಮೂನೆ ಅಗಲಕ್ಕೆ 84 ಮನೆ, ಎತ್ತರಕ್ಕೆ 56 ಮನೆ ಇದೆಯೆನ್ನಿ. ಅಂಗುಲಕ್ಕೆ 14 ಮನೆಯುಳ್ಳ ಬಟ್ಟೆಯ ಮೇಲೆ ಅದು 6 ಅಂಗುಲ ಅಗಲ, 4 ಅಂಗುಲ ಎತ್ತರದ ಚಿತ್ರವಾಗುತ್ತದೆ. ಸುತ್ತಲೂ 3 ಅಂಗುಲ ಬಿಟ್ಟು, 12 ಅಂಗುಲಕ್ಕೆ 10 ಅಂಗುಲದ ತುಂಡನ್ನು ಕತ್ತರಿಸಿಕೊಳ್ಳಬೇಕು. ಮನೆಗಳೆಲ್ಲ ತುಂಬಿದರೆ 4704 ಹೊಲಿಗೆ. ಗಂಟೆಗೆ ಇನ್ನೂರು ಹೊಲಿಗೆಯಂತೆ, ದಿನಕ್ಕೆ ಎರಡು ಗಂಟೆ ಕುಳಿತರೆ ಹನ್ನೆರಡು ದಿನಗಳಲ್ಲಿ ಮುಗಿದೀತು. ಒಂದು ಮಳೆನಕ್ಷತ್ರದ ಅವಧಿ ಹದಿಮೂರು ಹದಿನಾಲ್ಕು ದಿನ. ಆರಿದ್ರೆಯ ಮೊದಲ ಸೋನೆಗೆ ಸೂಜಿಗೆ ನೂಲು ಪೋಣಿಸಿದವರು ಪುನರ್ವಸು ಹುಟ್ಟುವ ಹೊತ್ತಿಗೆ ಚಿತ್ರವನ್ನು ಮುಗಿಸಿರುತ್ತಾರೆ. ಮಳೆ ಬಿಡುವುದನ್ನು ಕಾಯುವುದಕ್ಕೂ, ಮಳೆ ಬಿಡುವುದರೊಳಗೆ ಮುಗಿಸಬೇಕೆಂಬ ಆಸೆಯಿಂದ ಕೂರುವುದಕ್ಕೂ ಎಷ್ಟು ಅಂತರವೆಂಬುದು ಕುಳಿತು ನೋಡಿದವರಿಗೇ ತಿಳಿಯುತ್ತದೆ.

ಸಾಮಗ್ರಿ ಹೆಚ್ಚಿನದೇನೂ ಬೇಡ. ಎಳೆಗಳ ನಡುವೆ ನುಸುಳಬೇಕೇ ಹೊರತು ಎಳೆಯನ್ನು ಸೀಳಬಾರದಾದುದರಿಂದ ಸೂಜಿಯ ಮೊನೆ ಮೊಂಡಾಗಿರಬೇಕು. ಅಂಗಡಿಯಲ್ಲಿ ದೊರೆಯುವ ಕಸೂತಿಯ ಲಡಿಯಲ್ಲಿ ಆರು ಎಳೆ ಸೇರಿರುತ್ತವೆ. ಮೇಲೆ ಹೇಳಿದ ಬಟ್ಟೆಗೆ ಎರಡೆರಡು ಎಳೆಯಾಗಿ ಬಿಡಿಸಿಕೊಂಡರೆ ಸರಿ. ನೂಲು ಒಂದು ಮೊಳಕ್ಕಿಂತ ಉದ್ದವಾಗಿರಬಾರದು. ಆಸೆಗೆ ಉದ್ದ ಮಾಡಿದ ನೂಲು ಸಿಕ್ಕಾಗುತ್ತದೆ, ಉಜ್ಜಿ ಉಜ್ಜಿ ಹೊಳಪನ್ನೂ ಕಳೆದುಕೊಳ್ಳುತ್ತದೆ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವನ್ನು ಕಂಡುಕೊಂಡು ಅಲ್ಲಿಂದಲೇ ಆರಂಭಿಸಬೇಕು. ಅಂಚಿನಿಂದ ಹೊರಟವರಿಗೆ ಗಿಳಿಯ ಕೊಕ್ಕಿಗೆ ಜಾಗ ಸಾಲದೆ ಹೋಗುವುದುಂಟು. ಅಡ್ಡಕತ್ತರಿಯ ಮೇಲಿನ ಗೆರೆ ಚಿತ್ರದ ಉದ್ದಕ್ಕೂ ಒಂದೇ ಕಡೆಗೆ ವಾಲಿರಬೇಕು. ಇದೊಂದನ್ನು ಕಾಯ್ದುಕೊಂಡರೆ ಹೊಸಬರ ಕೆಲಸವೂ ನುರಿತವರ ಕೆಲಸದಂತೆ ಕಾಣುತ್ತದೆ.

ಮಳೆಗಾಲದ ದೊಡ್ಡ ತೊಂದರೆ ಬೆಳಕು. ಕಿಟಕಿ ಎಡಗಡೆಗೆ ಬರುವಂತೆ ಕುಳಿತರೆ ಬಲಗೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಕಪ್ಪು, ನೀಲಿ, ಕಡುಹಸುರುಗಳನ್ನು ಹಗಲಿನಲ್ಲಿಯೇ ಮುಗಿಸಿ, ಬಿಳಿ ಹಳದಿಗಳನ್ನು ದೀಪದ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ. ಬಟ್ಟೆಯೇ ಕಪ್ಪಾಗಿದ್ದರೆ ತೊಡೆಯ ಮೇಲೆ ಒಂದು ಬಿಳಿಯ ಪಂಚೆಯನ್ನು ಹಾಸಿಕೊಳ್ಳಿರಿ. ಎಳೆಗಳ ನಡುವಣ ಕಂಡಿಗಳು ಆಗ ತಾವಾಗಿ ತೋರುತ್ತವೆ.

ಗಾವಂತಿಯ ವಿಚಾರವಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಈ ಹೊಲಿಗೆಯಲ್ಲಿ ಬಟ್ಟೆಯ ಎರಡು ಮುಖವೂ ಒಂದೇ ತೆರನಾಗಿರುತ್ತದೆ. ಅದು ಹೇಗೆಂದರೆ, ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಅದೇ ದಾರಿಯಲ್ಲಿ ಬಂದು ಬಿಟ್ಟ ಜಾಗಗಳನ್ನು ತುಂಬುವುದು. ಮೂರು ಹೊಲಿಗೆಯ ಒಂದು ಕೊಂಬೆಯನ್ನು ತೆಗೆದುಕೊಳ್ಳಿ. ಹೋಗುವಾಗ ಮೇಲೆ, ಕೆಳಗೆ, ಮೇಲೆ. ತುದಿಯಿಂದ ತಿರುಗಿ ಬರುವಾಗ ಕೆಳಗೆ, ಮೇಲೆ, ಕೆಳಗೆ. ಪ್ರತಿಯೊಂದು ತುಂಡೂ ಒಮ್ಮೆ ಮೇಲೆ ಒಮ್ಮೆ ಕೆಳಗೆ ಮುಚ್ಚಿಹೋಯಿತು. ಸೂಜಿ ಹೊರಟ ಕಂಡಿಗೇ ಬಂದು ನಿಂತಿತು.

ಆಯ್ಲರ್ ಎಂಬ ಗಣಿತಜ್ಞನು ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಮುಗಿಸಲು ಸಾಧ್ಯವಿಲ್ಲವೆಂದು 18ನೆಯ ಶತಮಾನದಲ್ಲಿ ತೋರಿಸಿಕೊಟ್ಟನು. ಆದರೆ ಪ್ರತಿಯೊಂದು ಸೇತುವೆಯನ್ನೂ ಎರಡೆರಡು ಸಲ ದಾಟಬಹುದೆಂದರೆ, ದಾರಿಗಳು ಎಷ್ಟೇ ತೊಡಕಾಗಿರಲಿ, ಹೊರಟ ಜಾಗಕ್ಕೆ ಮರಳಬಹುದು. ತುಳಸೀವೃಂದಾವನವನ್ನೋ ಗೋಪುರವನ್ನೋ ಒಂದೇ ನೂಲಿನಲ್ಲಿ ಹೊಲಿದು ಹಿಂದಿರುಗುವ ಹೆಣ್ಣುಮಗಳು ಈ ತತ್ತ್ವವನ್ನು ಸೂತ್ರವಾಗಿ ಬರೆದಿಡಲಿಲ್ಲ, ನಿಜ. ಅವಳ ಕೈಗೆ ಅದು ತಿಳಿದಿತ್ತು. ಸೂಜಿಗೆಲಸ ಬುದ್ಧಿಗೆ ಬಿಡುವು ಕೊಡುವ ಕೆಲಸವೆಂದು ಹೇಳುವವರು ಒಂದು ಗಾವಂತಿಯ ಗೋಪುರವನ್ನು ಹೊಲಿದು ನೋಡಬೇಕು.

ನಮೂನೆಗಳಿಗಾಗಿ ಹಾಸನದ ಸೀಮೆಯವರು ದೂರ ಹೋಗಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳಲ್ಲಿ ನಕ್ಷತ್ರದ ಆಕಾರಗಳುಂಟು; ಚೌಕಳಿ ಕಾಗದಕ್ಕೆ ಇಳಿಸಿಕೊಳ್ಳಲು ಹೇಳಿ ಮಾಡಿಸಿದಂತಿವೆ. ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಗೋಡೆಯ ಬುಡದಲ್ಲಿ ಸುತ್ತಿ ಬರುವ ಪಟ್ಟಿಕೆಗಳಲ್ಲಿ ಆನೆಗಳೂ ಕುದುರೆಗಳೂ ಹಂಸಗಳೂ ಸಾಲುಗಟ್ಟಿ ನಡೆದಿವೆ. ಸಾಲು ಎಂಬುದು ಕಸೂತಿಯ ಅಂಚಿಗೆ ಬಲು ಸುಲಭ: ಹದಿನಾಲ್ಕು ಮನೆಯಲ್ಲಿ ಒಂದು ಆನೆಯನ್ನು ಅಡಗಿಸಿದರೆ 84 ಮನೆಯ ಅಗಲದಲ್ಲಿ ಆರು ಆನೆಗಳು ನಡೆಯುತ್ತವೆ. ಬಳುಕುವ ಸೊಂಡಿಲು ಮಾತ್ರ ಬಟ್ಟೆಯಲ್ಲಿ ಮೆಟ್ಟಿಲಾಗುತ್ತದೆ. ಆ ಮೆಟ್ಟಿಲನ್ನು ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕೆಂಬ ನಿರ್ಧಾರ ಹೊಲಿಯುವವರದು. ಶಿಲ್ಪಿಯದಲ್ಲ, ಬರ್ಲಿನ್ನಿನ ಅಚ್ಚುಕೂಟದವರದೂ ಅಲ್ಲ. ಒಂದು ಮಧ್ಯಾಹ್ನ ಕಾಗದ, ಪೆನ್ಸಿಲು, ರಬ್ಬರುಗಳೊಡನೆ ಈ ನಿರ್ಧಾರಗಳಲ್ಲಿ ಕಳೆದುಹೋದರೆ ಮಳೆ ನಿಂತದ್ದೂ ತಿಳಿಯುವುದಿಲ್ಲ.

ಇಷ್ಟೆಲ್ಲ ಮಳೆಯ ಉಪಕಾರವಾಯಿತು. ಅದರ ಅಪಕಾರವನ್ನೂ ಹೇಳತಕ್ಕದ್ದು. ಯಾವ ಮಳೆ ಈ ಕೆಲಸಕ್ಕೆ ಬಿಡುವು ಕೊಡುತ್ತದೆಯೋ ಅದೇ ಮಳೆಯ ತೇವ ಈ ಕೆಲಸವನ್ನು ತಿಂದುಹಾಕುತ್ತದೆ.

ಅರಕಲಗೂಡಿನಲ್ಲಿ ನನ್ನ ಸೋದರತ್ತೆಯವರ ಮನೆ. ಅದರ ನಡುಮನೆಯ ಮಣ್ಣಿನ ಗೋಡೆಯ ಮೇಲೆ ಎರಡು ಗಿಳಿಗಳೂ ನಡುವೆ ಗುಲಾಬಿಯೂ ಕೆಳಗೆ ‘ಸುಸ್ವಾಗತ’ ಎಂಬ ಅಕ್ಷರಗಳೂ ಇದ್ದ ಒಂದು ಪಟ ತೂಗುತ್ತಿತ್ತು. ಅತ್ತೆಯವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮನೆಗೆ ಸುಣ್ಣ ಬಳಿಸುವಾಗ ಅದನ್ನು ಇಳಿಸಿದೆವು. ಗಾಜಿನ ಒಳಗೆಲ್ಲ ಬೂಷ್ಟಿನ ಚುಕ್ಕೆ. ಗಿಳಿಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಗೋಡೆಗೆ ತಾಗಿದ್ದ ಮೂಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಎಸೆಯುವುದೇ ಸರಿಯೆಂದುಕೊಂಡಿದ್ದೆವು. ಅತ್ತೆಯವರ ಸೊಸೆ ಹಿಂದಿನ ಹಲಗೆಯನ್ನು ಬಿಚ್ಚಿ ಬಟ್ಟೆಯನ್ನು ಮಗುಚಿದರು. ಬೆಳಕು ಕಾಣದ ಹಿಂಬದಿಯಲ್ಲಿ ಹಸುರು ಹಸುರಾಗಿಯೇ ಇತ್ತು, ಕೆಂಪು ಕೆಂಪಾಗಿಯೇ ಇತ್ತು. ಆಕೆ ಮೊಮ್ಮಗಳ ಲೆಕ್ಕದ ಪುಸ್ತಕದಿಂದ ಚೌಕಳಿ ಹಾಳೆಯನ್ನು ತೆಗೆದುಕೊಂಡು, ಎಡಬಲಗಳನ್ನು ತಿರುಗಿಸಿಕೊಳ್ಳುತ್ತ, ಎರಡು ದಿನ ಕುಳಿತು ಎಣಿಸಿ ನಮೂನೆಯನ್ನು ಇಳಿಸಿಕೊಂಡರು. ಆಗ ತಿಳಿದುಬಂತು: ಒಂದು ಗಿಳಿಯ ಬಾಲಕ್ಕೆ ಹನ್ನೆರಡು ಮನೆ, ಇನ್ನೊಂದಕ್ಕೆ ಹನ್ನೊಂದೇ. ಎಣಿಕೆ ತಪ್ಪಿತೋ, ಎರಡು ಗಿಳಿಗಳನ್ನು ಇಬ್ಬರು ಹೊಲಿದರೋ? ಅತ್ತೆಯವರಿಗೆ ಒಬ್ಬ ಅಕ್ಕ ಇದ್ದರು. ಇಬ್ಬರಲ್ಲಿ ಯಾರ ಕೆಲಸವಿದು, ಯಾವ ಆಷಾಢದ್ದು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಬಟ್ಟೆಯ ಮೇಲೆ ಬಂದವರಿಗೆಲ್ಲ ಸ್ವಾಗತವಿತ್ತು, ಹೊಲಿದವರ ಹೆಸರಿರಲಿಲ್ಲ.

ಆದುದರಿಂದ ಕೊನೆಯಲ್ಲಿ ನಾಲ್ಕು ಎಚ್ಚರಿಕೆಗಳು. ಹೊಲಿಗೆ ನಿಲ್ಲಿಸಿದಾಗ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ಬಿಡಬೇಡಿ. ತೇವದಲ್ಲಿ ತುಕ್ಕಿನ ಕಲೆ ಕೂತರೆ ಹೋಗುವುದು ಕಷ್ಟ. ಕೆಂಪು ಮತ್ತು ಕಡುನೀಲಿ ನೂಲಿನ ತುಂಡನ್ನು ನೆನೆಸಿ ಬಿಳಿಯ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ತಿಳಿದ ಮೇಲೆಯೇ ಹೊಲಿಯಲು ತೊಡಗಿರಿ. ಮುಗಿದ ಕೆಲಸವನ್ನು ಮಡಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಕಟ್ಟಿಸದೆ, ತೊಳೆದ ಹತ್ತಿಯ ಬಟ್ಟೆಯೊಡನೆ ಸುರುಳಿ ಸುತ್ತಿಡಿರಿ. ಉಣ್ಣೆಯಾದರೆ ನುಸಿಯ ಭಯವೂ ಉಂಟು, ಆಗಾಗ ಬಿಚ್ಚಿ ಗಾಳಿಗೆ ಹಿಡಿಯಬೇಕು. ಚೌಕಟ್ಟು ಹಾಕಿಸುವುದಾದರೆ ಗಾಜು ಹೊಲಿಗೆಗೆ ತಾಗದಂತೆ ಸಂದು ಬಿಡಿಸಿರಿ, ಪಟವನ್ನು ಹೊರಗೋಡೆಗೆ ತೂಗಹಾಕದಿರಿ.

ಇದಕ್ಕಿಂತ ಮುಖ್ಯವಾದ ಐದನೆಯದೊಂದಿದೆ. ಕೆಳಗಿನ ಮೂಲೆಯಲ್ಲಿ ಹತ್ತಿಪ್ಪತ್ತು ಮನೆ ಬಿಟ್ಟು, ನಿಮ್ಮ ಹೆಸರಿನ ಮೊದಲ ಅಕ್ಷರವನ್ನೂ ಸಂವತ್ಸರವನ್ನೂ ಹೊಲಿದಿಡಿರಿ. ನಿಮ್ಮ ಮನೆಯಲ್ಲಿ ಈಗಾಗಲೇ ಹಳೆಯ ಪಟವೊಂದು ತೂಗುತ್ತಿದ್ದರೆ, ಅದನ್ನು ಹೊಲಿದವರನ್ನು ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ, ಅವರನ್ನು ಈ ಮಳೆ ಬಿಡುವುದರೊಳಗೆ ಕೇಳಿ, ಒಂದು ಚೀಟಿಯಲ್ಲಿ ಬರೆದು ಪಟದ ಹಿಂದೆ ಸಿಕ್ಕಿಸಿರಿ.

ಅತ್ತೆಯವರ ಸೊಸೆ ಈಗ ಆ ನಮೂನೆಯನ್ನು ಹೊಸ ಬಟ್ಟೆಯ ಮೇಲೆ ಹೊಲಿಯುತ್ತಿದ್ದಾರೆ. ಎರಡನೆಯ ಗಿಳಿಯ ಬಾಲಕ್ಕೆ ಎಷ್ಟು ಮನೆ ಹಿಡಿದಿರೆಂದು ನಾನು ಕೇಳಿದೆ. “ಹನ್ನೊಂದೇ” ಎಂದರು.