ಸ್ಯಾಕ್ಸೋಫೋನ್ ವಾದ್ಯ: ಬ್ಯಾಂಡ್ ಮತ್ತು ಜಾಜ್ ಪರಂಪರೆ

ವಾದ್ಯಗಳಲ್ಲಿ ಬಹುಪಾಲು ಯಾರಿಂದ, ಯಾವಾಗ ಹುಟ್ಟಿದವೆಂದು ನಿಶ್ಚಯಿಸಿ ಹೇಳುವುದು ಕಷ್ಟ. ಕೊಳಲಾಗಲಿ ಪಿಟೀಲಾಗಲಿ ಅನೇಕ ತಲೆಮಾರುಗಳ ಕೈಯಲ್ಲಿ ಮಾರ್ಪಡುತ್ತ ಇಂದಿನ ರೂಪಕ್ಕೆ ಬಂದಿವೆ. ಸ್ಯಾಕ್ಸೋಫೋನ್ ಇದಕ್ಕೆ ಅಪವಾದ. ಅದಕ್ಕೆ ಒಬ್ಬನೇ ಕರ್ತೃವಿದ್ದಾನೆ. ಅವನ ಹೆಸರೇ ವಾದ್ಯಕ್ಕೂ ಸಂದಿದೆ. ಬೆಲ್ಜಿಯಮ್ಮಿನ ದಿನಾನ್ ಪಟ್ಟಣದಲ್ಲಿ 1814ರಲ್ಲಿ ವಾದ್ಯತಯಾರಕನ ಮಗನಾಗಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್, ಪ್ಯಾರಿಸಿನಲ್ಲಿ ನೆಲೆಸಿ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು.

ಅವನ ಮುಂದಿದ್ದ ಸಮಸ್ಯೆ ಬ್ಯಾಂಡಿನದು. ಬಯಲಿನಲ್ಲಿ ನುಡಿಸುವ ಸೇನಾಬ್ಯಾಂಡಿನಲ್ಲಿ ಕಹಳೆಯ ಜಾತಿಯ ಹಿತ್ತಾಳೆ ವಾದ್ಯಗಳದು ಒಂದು ಪಕ್ಷವಾದರೆ ಕ್ಲಾರಿನೆಟ್, ಓಬೋ ಮೊದಲಾದ ಮರದ ವಾದ್ಯಗಳದು ಇನ್ನೊಂದು. ಮೊದಲನೆಯವುಗಳ ಅಬ್ಬರದಲ್ಲಿ ಎರಡನೆಯವುಗಳ ಮಾರ್ದವ ಮುಳುಗಿಹೋಗುತ್ತಿತ್ತು. ಇವೆರಡರ ನಡುವೆ ಸೇತುವೆಯಾಗಬಲ್ಲ ನಾದವೊಂದನ್ನು ಸ್ಯಾಕ್ಸ್ ಅರಸುತ್ತಿದ್ದನು. ಹಿತ್ತಾಳೆಯ ಕೊಳವೆಗೆ ಅವನು ಕ್ಲಾರಿನೆಟ್ಟಿನ ಬಾಯನ್ನು ಜೋಡಿಸಿದನು. ಅಂದರೆ ರೀಡ್ ಎಂಬ ಜೊಂಡಿನ ತೆಳುಪಟ್ಟಿಯ ಕಂಪನದಿಂದ ಇಲ್ಲಿ ನಾದ ಹುಟ್ಟುತ್ತದೆ. ಈ ಕಾರಣದಿಂದಲೇ ಮೈಯೆಲ್ಲ ಲೋಹವಾಗಿದ್ದರೂ ಸ್ಯಾಕ್ಸೋಫೋನನ್ನು ಮರದ ವಾದ್ಯಗಳ ವರ್ಗಕ್ಕೇ ಸೇರಿಸುವುದು ವಾಡಿಕೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಒಂದೇ ಅಗಲದ್ದು. ಉಸಿರನ್ನು ಹೆಚ್ಚಿಸಿದಾಗ ಅದರ ಸ್ವರ ಸಪ್ತಕವನ್ನು ದಾಟಿ ಮೇಲಿನ ಪಂಚಮಕ್ಕೆ ನೆಗೆಯುತ್ತದೆ. ಹೀಗಾಗಿ ಎರಡು ಸ್ಥಾಯಿಗಳಿಗೆ ಎರಡು ಬಗೆಯ ಬೆರಳುಗಾರಿಕೆ ಬೇಕು. ಸ್ಯಾಕ್ಸೋಫೋನಿನ ಕೊಳವೆಯಾದರೋ ಶಂಕುವಿನಂತೆ ಹಿಗ್ಗುತ್ತ ಹೋಗುವುದರಿಂದ ಸ್ವರ ನೇರವಾಗಿ ತಾರಷಡ್ಜಕ್ಕೆ ಏರುತ್ತದೆ, ಕೆಳಗಿನ ಬೆರಳುಗಾರಿಕೆಯೇ ಬಹುಮಟ್ಟಿಗೆ ಮೇಲೂ ಸಲ್ಲುತ್ತದೆ. ಬ್ಯಾಂಡಿನ ಸಿಪಾಯಿಗೆ ಇದು ಸಣ್ಣ ಅನುಕೂಲವಾಗಿರಲಿಲ್ಲ.

ಫ್ರೆಂಚ್ ಸೇನೆ ಈ ವಾದ್ಯವನ್ನು ಸ್ವೀಕರಿಸಿತು. ಶಾಸ್ತ್ರೀಯ ವಾದ್ಯವೃಂದ ಮಾತ್ರ ಅದನ್ನು ಹೊಸಿಲಿನ ಹೊರಗೇ ನಿಲ್ಲಿಸಿತು. ಸಂಗೀತಕಾರ ಬರ್ಲಿಯೋಜ್ 1842ರಷ್ಟು ಹಿಂದೆಯೇ ಪತ್ರಿಕೆಯಲ್ಲಿ ಇದನ್ನು ಕೊಂಡಾಡಿದ್ದನು. ಆದರೂ ಪ್ರತಿಸ್ಪರ್ಧಿ ತಯಾರಕರು ಹೂಡಿದ ದಾವೆಗಳಲ್ಲಿ ಸ್ಯಾಕ್ಸ್ ಬಳಲಿದನು, ಮೂರು ಬಾರಿ ದಿವಾಳಿಯಾದನು. ಪ್ಯಾರಿಸ್ ಸಂಗೀತ ವಿದ್ಯಾಲಯದಲ್ಲಿ ಸೈನಿಕ ವಿದ್ಯಾರ್ಥಿಗಳಿಗಾಗಿ 1857ರಲ್ಲಿ ಅವನು ಆರಂಭಿಸಿದ ತರಗತಿ 1870ರಲ್ಲಿ ನಿಂತುಹೋಯಿತು. ಮಾರ್ಸೆಲ್ ಮ್ಯೂಲ್ ಆ ಪೀಠಕ್ಕೆ ಬಂದದ್ದು 1942ರಲ್ಲಿ. ಈ ಎಪ್ಪತ್ತೆರಡು ವರ್ಷಗಳ ಶೂನ್ಯ ಗಮನಾರ್ಹವಾದುದು. ಆ ಅವಧಿಯಲ್ಲಿ ವಾದ್ಯಕ್ಕೆ ಅಧಿಕೃತ ಪಾಠಾಂತರ ಬೆಳೆಯಲಿಲ್ಲ, ಇದೇ ಸರಿಯಾದ ನಾದವೆಂದು ವಿಧಿಸುವ ಗುರುಗಳೂ ವಿರಳರಾದರು. ಪಂಡಿತರು ಕೈಬಿಟ್ಟದ್ದೇ ವರವಾಯಿತೆನ್ನಬೇಕು.

ಅಮೆರಿಕದಲ್ಲಿ ಪ್ಯಾಟ್ರಿಕ್ ಗಿಲ್ಮೋರ್, ತರುವಾಯ ಜಾನ್ ಫಿಲಿಪ್ ಸೂಸಾ ಇವರ ಬ್ಯಾಂಡುಗಳು ಸ್ಯಾಕ್ಸೋಫೋನನ್ನು ಜನಸಾಮಾನ್ಯರ ಕಿವಿಗೆ ಮುಟ್ಟಿಸಿದವು. ಅಲ್ಲಿಂದ ಅದು ವಿನೋದ ಪ್ರದರ್ಶನಗಳ ರಂಗಕ್ಕೂ ನೃತ್ಯಶಾಲೆಗೂ ಇಳಿಯಿತು. ಜಾಜ್ ಎಂದೊಡನೆ ಇಂದು ಕಣ್ಣಮುಂದೆ ನಿಲ್ಲುವುದು ಈ ವಾದ್ಯವೇ ಆದರೂ, ನ್ಯೂ ಆರ್ಲಿಯನ್ಸಿನ ಆದಿಕಾಲದ ಜಾಜ್ ತಂಡಗಳಲ್ಲಿ ಮುಂಚೂಣಿಯಲ್ಲಿದ್ದವು ಕಾರ್ನೆಟ್, ಕ್ಲಾರಿನೆಟ್ ಮತ್ತು ಟ್ರಾಂಬೋನ್. ಸ್ಯಾಕ್ಸೋಫೋನ್ ತಡವಾಗಿ ಬಂದ ಅತಿಥಿ. ಆ ಊರಿನ ಕ್ಲಾರಿನೆಟ್ ವಾದಕ ಸಿಡ್ನಿ ಬೆಶೆ 1920ರಲ್ಲಿ ಲಂಡನ್ನಿನಲ್ಲಿ ಸೊಪ್ರಾನೋ ಸ್ಯಾಕ್ಸೋಫೋನ್ ಒಂದನ್ನು ಕೊಂಡುಕೊಂಡದ್ದು ಈ ಚರಿತ್ರೆಯ ಒಂದು ತಿರುವು.

ನಿಜವಾದ ಪರಿವರ್ತನೆ ಕೋಲ್ಮನ್ ಹಾಕಿನ್ಸನಿಂದ ಆಯಿತು. ಫ್ಲೆಚರ್ ಹೆಂಡರ್ಸನ್ನನ ತಂಡದಲ್ಲಿ ಟೆನರ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಇವನು ಮೊದಮೊದಲು ನಾಲಗೆಯಿಂದ ರೀಡನ್ನು ತಟ್ಟಿ ನಗೆ ಹುಟ್ಟಿಸುವ ಅಂದಿನ ಜನಪ್ರಿಯ ಶೈಲಿಯಲ್ಲೇ ಇದ್ದನು. 1924ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅದೇ ತಂಡಕ್ಕೆ ಬಂದು ಕಾರ್ನೆಟ್ಟಿನಲ್ಲಿ ದೀರ್ಘವಾದ, ಉಸಿರಾಡುವ ವಾಕ್ಯಗಳನ್ನು ನುಡಿಸತೊಡಗಿದ ಮೇಲೆ ಹಾಕಿನ್ಸನ ವಾದನವೂ ಬದಲಾಯಿತು. 1939ರ ‘ಬಾಡಿ ಅಂಡ್ ಸೋಲ್’ ಧ್ವನಿಮುದ್ರಿಕೆ ಇದರ ಪಕ್ವ ಫಲ. ಅದರಲ್ಲಿ ಮೂಲ ಹಾಡಿನ ಧಾಟಿ ಆರಂಭದ ಕೆಲವು ಕ್ಷಣ ಸುಳಿದು ಮಾಯವಾಗುತ್ತದೆ. ಉಳಿದುದೆಲ್ಲ ವಾದಕನ ಮನೋಧರ್ಮ. ಇದನ್ನು ನಮ್ಮ ರಾಗಾಲಾಪನೆಗೆ ಹೋಲಿಸುವುದು ಸುಲಭ, ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ರಾಗವನ್ನು ವಿಸ್ತರಿಸುವವನಿಗೆ ಸ್ವರಸಂಚಾರವೇ ಆಧಾರ. ಹಾಕಿನ್ಸನಿಗಾದರೋ ಹಾಡಿನ ಕೆಳಗೆ ಅಳತೆಗೆ ಸರಿಯಾಗಿ ಬದಲಾಗುವ ಸ್ವರಮೇಳಗಳ ಸರಣಿಯೇ ಆಧಾರ. ಸ್ವರಮೇಳವೆಂದರೆ ಏಕಕಾಲಕ್ಕೆ ನುಡಿಯುವ ಸ್ವರಗಳ ಗುಂಪು. ಅದು ಬದಲಾದ ಕ್ಷಣವೇ ವಾದಕನ ದಾರಿಯೂ ಬದಲಾಗಬೇಕು.

ಇದೇ ಕಾಲದ ದೊಡ್ಡ ನೃತ್ಯಬ್ಯಾಂಡುಗಳಲ್ಲಿ ಐದು ಸ್ಯಾಕ್ಸೋಫೋನುಗಳ ಪಂಕ್ತಿ ರೂಢಿಯಾಯಿತು: ಎರಡು ಆಲ್ಟೋ, ಎರಡು ಟೆನರ್, ಒಂದು ಬ್ಯಾರಿಟೋನ್. ಐವರು ಒಂದೇ ಉಸಿರಿನಲ್ಲಿ ನುಡಿಸಬೇಕಾದ ಈ ಶಿಸ್ತು ಸೇನಾಬ್ಯಾಂಡಿನ ಬಳುವಳಿ. ಆದರೆ ಅದೇ ಪಂಕ್ತಿಯಿಂದ ಒಬ್ಬನು ಎದ್ದುನಿಂತು ತನ್ನದೇ ಮಾತಾಡುವುದಕ್ಕೂ ಅವಕಾಶವಿತ್ತು. ಡ್ಯೂಕ್ ಎಲಿಂಗ್ಟನ್ ಈ ಎರಡನ್ನೂ ಬೆಸೆದ ಬಗೆ ಅನನ್ಯ. ಅವನು ರಚಿಸಿದ್ದು ‘ಆಲ್ಟೋ’ಗಾಗಿ ಅಲ್ಲ, ಜಾನಿ ಹಾಜಸ್‌ಗಾಗಿ, ‘ಬ್ಯಾರಿಟೋನ್’ಗಾಗಿ ಅಲ್ಲ, 1927ರಿಂದ 1974ರವರೆಗೆ ತಂಡದಲ್ಲಿದ್ದ ಹ್ಯಾರಿ ಕಾರ್ನಿಗಾಗಿ. ಕೌಂಟ್ ಬೇಸಿಯ ತಂಡದ ಲೆಸ್ಟರ್ ಯಂಗ್ ಹಾಕಿನ್ಸನ ಗಂಭೀರ ನಾದಕ್ಕೆ ಪ್ರತಿಯಾಗಿ ಹಗುರವಾದ, ಮೆಲುಮಾತಿನಂಥ ಶೈಲಿಯೊಂದನ್ನು ಕಂಡುಕೊಂಡನು. ಚಾರ್ಲಿ ಪಾರ್ಕರ್ ಆಲ್ಟೋವನ್ನು ಎತ್ತಿಕೊಂಡು 1940ರ ದಶಕದಲ್ಲಿ ‘ಬೀಬಾಪ್’ ಎಂಬ ಹೊಸ ಮಾರ್ಗವನ್ನು ಡಿಜ್ಜಿ ಗಿಲೆಸ್ಪಿ ಮುಂತಾದವರೊಡನೆ ಕಟ್ಟಿದನು. ಜಾಜ್ ಅಲ್ಲಿಗೆ ಕುಣಿತದ ಸಂಗೀತವಾಗಿರುವುದನ್ನು ಬಿಟ್ಟು ಕೇಳ್ಮೆಯ ಸಂಗೀತವಾಯಿತು. ಪಾರ್ಕರ್ 1955ರಲ್ಲಿ ತೀರಿಕೊಂಡಾಗ ಅವನಿಗೆ ಕೇವಲ 34 ವರ್ಷ. ಜಾನ್ ಕೋಲ್ಟ್ರೇನ್ 1961ರಲ್ಲಿ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದನು. ಸ್ವರಮೇಳಗಳ ಓಟವನ್ನು ತಗ್ಗಿಸಿ ಒಂದೇ ಆಧಾರಸ್ವರದ ಮೇಲೆ ದೀರ್ಘಕಾಲ ನಿಲ್ಲುವ ಆ ಪ್ರಯೋಗದ ಹಿಂದೆ ಭಾರತೀಯ ಸಂಗೀತದ ಶ್ರವಣವಿತ್ತು. 1965ರಲ್ಲಿ ಹುಟ್ಟಿದ ಮಗನಿಗೆ ಅವನು ರವಿಶಂಕರರ ನೆನಪಿನಲ್ಲಿ ರವಿ ಎಂದು ಹೆಸರಿಟ್ಟನು.

ಭಾರತಕ್ಕೆ ಸ್ಯಾಕ್ಸೋಫೋನ್ ಬಂದದ್ದೂ ಬ್ಯಾಂಡುಗಳ ಮೂಲಕವೇ. ಮುಂಬಯಿಯ ತಾಜ್‌ಮಹಲ್ ಹೋಟೆಲಿನಲ್ಲಿ 1930ರ ದಶಕದಲ್ಲಿ ಕಪ್ಪು ಅಮೆರಿಕನ್ನರ ಜಾಜ್ ತಂಡಗಳು ನುಡಿಸಿದವು. ಅವರ ಸಂಗೀತವನ್ನು ಗೋವೆಯ ವಾದಕರು ಮೈಗೂಡಿಸಿಕೊಂಡು ಹಿಂದಿ ಚಿತ್ರಗಳ ವಾದ್ಯವೃಂದಕ್ಕೆ ದಾಟಿಸಿದರು. ಮೈಸೂರಿನಲ್ಲಿ ಅರಮನೆಯ ಬ್ಯಾಂಡ್ ಇದ್ದಿತು. ಅದರಲ್ಲಿ ನುಡಿಯುತ್ತಿದ್ದ ಸ್ಯಾಕ್ಸೋಫೋನನ್ನು ಕೇಳಿ ಮರುಳಾದ ಹುಡುಗನೇ ಮುಂದೆ ಕದ್ರಿ ಗೋಪಾಲನಾಥರಾದರು. ದಕ್ಷಿಣ ಕನ್ನಡದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರ ವಾದಕ ತನಿಯಪ್ಪನವರ ಮಗ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಅಭ್ಯಾಸ ಮಾಡಿ ಆ ನಗರದಲ್ಲೇ ನೆಲೆಸಿದರು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ನೇರವಾಗಿ ಮುಟ್ಟುತ್ತದೆ; ಅರೆಮುಚ್ಚಿ ಅರೆತೆರೆದು ಗಮಕವನ್ನು ತರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಸ್ವರದಿಂದ ಸ್ವರಕ್ಕೆ ಜಾರುವ ಕೆಲಸವನ್ನು ಹೆಚ್ಚಾಗಿ ತುಟಿ ಮತ್ತು ಉಸಿರೇ ಮಾಡಬೇಕು. ಈ ಸಾಧನೆಗೆ ಅವರಿಗೆ ಸುಮಾರು ಎರಡು ದಶಕಗಳು ಬೇಕಾದವು.

1980ರಲ್ಲಿ ಮುಂಬಯಿಯ ‘ಜಾಜ್ ಯಾತ್ರಾ’ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆಯಲ್ಲಿ ನುಡಿಸಲು ತಾನೇ ಮುಂದೆ ಬಂದನು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ವೇದಿಕೆ ಅವರಿಗೆ ದೊರಕಿತು. ಅಮೆರಿಕದಲ್ಲಿ ಬೆಳೆದ ಆಲ್ಟೋ ವಾದಕ ರುದ್ರೇಶ್ ಮಹಾಂತಪ್ಪ ವಿದ್ಯಾರ್ಥಿಯಾಗಿದ್ದಾಗ ಅಣ್ಣನೊಬ್ಬ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆ, 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಗೆ ಬೀಜವಾಯಿತು. ಪಾರ್ಕರನ ಮಾರ್ಗದಲ್ಲಿ ಪಳಗಿದ ಆಲ್ಟೋವೂ ಕೃತಿ ನುಡಿಸುವ ಆಲ್ಟೋವೂ ಅಲ್ಲಿ ಎದುರುಬದುರಾಗಿ ಕೇಳಿಸುತ್ತವೆ.

ಗೋಪಾಲನಾಥರು 2019ರಲ್ಲಿ ಮಂಗಳೂರಿನಲ್ಲಿ ನಿಧನರಾದರು. ಕರಾವಳಿಯ ಮದುವೆ ಮಂಟಪಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಈಗ ಸ್ಯಾಕ್ಸೋಫೋನ್ ವಾಲಗದ ಭಾಗವೇ ಆಗಿದೆ. ತಂದೆಯ ನಾಗಸ್ವರ ಕೂರುತ್ತಿದ್ದ ಎಡೆಯಲ್ಲಿ ಅನೇಕ ಕಡೆ ಮಗನ ವಾದ್ಯ ಕುಳಿತಿದೆ. ನಾಗಸ್ವರ ಕಲಿಯುವ ಹುಡುಗರು ಅಲ್ಲಿ ವಿರಳರಾಗುತ್ತಿರುವುದನ್ನು ಸ್ಯಾಕ್ಸೋಫೋನಿನ ವಿಜಯವೆಂದು ಬರೆದುಕೊಳ್ಳಲು ಮನಸ್ಸು ಬಾರದು.