ತಲೆಸುತ್ತು ಎಲ್ಲಾ ಪಿತ್ತವಲ್ಲ – ಒಳಕಿವಿಯ ಸೋಂಕಿನ ಬಗ್ಗೆ ತಿಳಿಯೋಣ



ಬಿಸಿಲೆ ಭಾಗದಲ್ಲಿ ಮಳೆಗಾಲ ಬಂತೆಂದರೆ ಶೀತ, ಜ್ವರ ಮನೆಮನೆಯಲ್ಲೂ ಇದ್ದದ್ದೇ. ಶೀತದ ಬೆನ್ನಿಗೇ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸುತ್ತುತ್ತೆ, ಮನೆಯೇ ತಿರುಗಿದಂತಾಗುತ್ತೆ, ವಾಂತಿಯಾಗುತ್ತೆ. "ಪಿತ್ತ ಆಗಿದೆ" ಅಂತ ಕಷಾಯ ಕುಡಿದು ಮಲಗುತ್ತೇವೆ. ಆದರೆ ಇದು ಒಳಕಿವಿಯ ಸೋಂಕೂ ಇರಬಹುದು.

ಒಳಕಿವಿ ಎಂದರೇನು?
ಕಿವಿಯ ತಮಟೆಯ ಆಚೆ ಇರುವುದು ನಡುಕಿವಿ. ಅದರಾಚೆ, ಮೂಳೆಯೊಳಗೆ ಇರುವುದು ಒಳಕಿವಿ. ಅದರಲ್ಲಿ ಬಸವನಹುಳುವಿನ ಚಿಪ್ಪಿನಂಥ ಭಾಗ ಕೇಳುವುದಕ್ಕೆ. ಮೂರು ಬಾಗಿದ ಕೊಳವೆಗಳು ದೇಹದ ಸಮತೋಲನಕ್ಕೆ. ಆದ್ದರಿಂದಲೇ ಇಲ್ಲಿ ಸೋಂಕಾದರೆ ತಲೆ ಸುತ್ತುವುದರ ಜೊತೆಗೆ ಕಿವಿ ಮಂದವಾಗಬಹುದು, ಗುಂಯ್ ಅನ್ನಬಹುದು.

ಹೇಗೆ ಬರುತ್ತದೆ?
ಹೆಚ್ಚಾಗಿ ವೈರಸ್‌ನಿಂದ. ಜೋರು ಸುತ್ತು ಕೆಲವು ದಿನಗಳಲ್ಲಿ ಇಳಿಯುತ್ತದೆ. ನಡಿಗೆ ಸರಿಹೋಗಲು ವಾರಗಳೇ ಬೇಕಾಗಬಹುದು. ವೈರಸ್‌ಗೆ ಆಂಟಿಬಯೋಟಿಕ್ ಮಾತ್ರೆ ಕೆಲಸ ಮಾಡುವುದಿಲ್ಲ.

ಇನ್ನೊಂದು ದಾರಿ ಹೆಚ್ಚು ಅಪಾಯದ್ದು. ಅದು ಸೋರುವ ಕಿವಿ. ನಡುಕಿವಿಯ ಸೋಂಕು ಒಳಕಿವಿಗೆ ಹರಡಿದರೆ ಶಾಶ್ವತ ಕಿವುಡು ಬರಬಹುದು. ಮಿದುಳಿನ ಪೊರೆಗೆ ಹರಡಿದರೆ ಪ್ರಾಣಕ್ಕೇ ಕುತ್ತು. "ಮಕ್ಕಳಿಗೆ ಕಿವಿ ಸೋರೋದು ಮಾಮೂಲು" ಎಂದು ಸುಮ್ಮನಿರಬಾರದು.

ನಾವೇನು ಮಾಡಬೇಕು?
* ಸೋರುವ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕಬೇಡಿ. ಕಡ್ಡಿ, ಹೇರ್‌ಪಿನ್ ಹಾಕಬೇಡಿ. ನೀರು ಹೋಗದಂತೆ ನೋಡಿಕೊಳ್ಳಿ.
* ಒಂದು ಕಿವಿ ದಿಢೀರನೆ ಕೇಳಿಸದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾದಷ್ಟೂ ಕಿವಿ ಮರಳಿ ಬರುವುದು ಕಷ್ಟ.
* ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಆಗಿರಬಹುದು. ಜ್ವರದೊಂದಿಗೆ ಕತ್ತು ಸೆಟೆದರೂ ತಡಮಾಡದೆ 108ಕ್ಕೆ ಕರೆ ಮಾಡಿ.
* ಸುತ್ತು ನಿಲ್ಲುವವರೆಗೆ ಏಣಿ ಹತ್ತುವುದು, ಒಬ್ಬರೇ ಹೊಳೆ ದಾಟುವುದು ಬೇಡ.
* ದಡಾರವೂ ಕಿವಿ ಕೆಡಿಸುತ್ತದೆ. ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ದಡಾರ-ರುಬೆಲ್ಲಾ ಲಸಿಕೆ ತಪ್ಪದೆ ಹಾಕಿಸಿ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾಸನದ ಹಿಮ್ಸ್ ಇದೆ. ಕಿವಿ ಕೇಳಿಸುವಿಕೆಯ ಪರೀಕ್ಷೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೆಲಸ ಮಾಡುತ್ತಿದೆ.

ಸಂಘದ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳೋಣ: ಯಾರ ಮನೆಯಲ್ಲಿ ಮಗುವಿನ ಕಿವಿ ಸೋರ್ತಿದೆ? ಬಸ್ ಚಾರ್ಜಿಗೆ, ಒಂದು ದಿನದ ಕೂಲಿಗೆ ಹೆದರಿ ಯಾರೂ ಮನೆಯಲ್ಲೇ ಉಳಿಯುವುದು ಬೇಡ. ನಮ್ಮ ಉಳಿತಾಯದಿಂದ ಸಾಲ ಕೊಡೋಣ, ಆಶಾ ಕಾರ್ಯಕರ್ತೆಯ ಜೊತೆ ಕಳಿಸೋಣ.