ಮಾಂತ್ರಿಕರಿಗೂ ಒಂದು ಕಾನೂನು ಬೇಕಲ್ಲ: ಕಲ್ಪನೆಯ ರಾಜ್ಯ ಕಟ್ಟುವವರಿಗೆ

ನೀವು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೀರಿ. ಅಥವಾ ಗೆಳೆಯರೊಂದಿಗೆ ಆಡಲು ಒಂದು ಆಟ, ಮಕ್ಕಳಿಗೆ ಒಂದು ಕಥಾಮಾಲೆ ಕಟ್ಟುತ್ತಿದ್ದೀರಿ. ಅದರಲ್ಲೊಂದು ರಾಜ್ಯ. ಅಲ್ಲಿ ಕೆಲವರಿಗೆ ಮಂತ್ರವಿದ್ಯೆ ನಿಜವಾಗಿಯೇ ಒಲಿದಿದೆ. ಒಬ್ಬ ಬೆರಳೆತ್ತಿದರೆ ಬೆಂಕಿ, ಇನ್ನೊಬ್ಬಳು ಕರೆದರೆ ಮಳೆ. ಇಷ್ಟಾದ ಮೇಲೆ ಓದುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಂಥವರಿರುವ ಊರಿನಲ್ಲಿ ಉಳಿದವರು ಹೇಗೆ ಬದುಕುತ್ತಾರೆ? ಬೆರಳೆತ್ತುವವನ ಪಕ್ಕದ ಹಿತ್ತಲಲ್ಲಿ ಹುಲ್ಲಿನ ಬಣವೆ ಇದ್ದರೆ ಏನು ಗತಿ?

ಅದಕ್ಕೇ ನಿಯಂತ್ರಣ ವ್ಯವಸ್ಥೆ ಬೇಕು. ಯಾವುದು ತಪ್ಪು, ಯಾರಿಗೆ ಅನುಮತಿ, ನೋಡಿಕೊಳ್ಳುವವರು ಯಾರು, ನಷ್ಟವಾದರೆ ತುಂಬಿಕೊಡುವವರು ಯಾರು, ಇಷ್ಟನ್ನು ಮೊದಲೇ ಗೊತ್ತುಮಾಡಿಡುವುದೇ ನಿಯಂತ್ರಣ. ಇದಕ್ಕೆ ಎಲ್ಲವನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಮಾಟಮಂತ್ರದ ಬಗ್ಗೆ ನಿಜವಾದ ಸರ್ಕಾರಗಳು ನಿಜವಾದ ಕಾನೂನು ಮಾಡಿವೆ. ನಮ್ಮ ಕರ್ನಾಟಕವೂ ಮಾಡಿದೆ.

ಮೊದಲು ಒಂದು ವಿಷಯ ತೀರ್ಮಾನಿಸಿಕೊಳ್ಳಿ. ನಿಮ್ಮ ರಾಜ್ಯದ ಕಾನೂನು ಮಂತ್ರಶಕ್ತಿ ನಿಜವೆಂದು ಒಪ್ಪುತ್ತದೆಯೇ? ಇಂಗ್ಲೆಂಡಿನ ಹಳೆಯ ಕಾನೂನುಗಳು ಒಪ್ಪುತ್ತಿದ್ದವು. ಮಾಟಗಾತಿಯರೆಂದು ತೀರ್ಪಾದವರು ಗಲ್ಲಿಗೇರಿದರು. 1735ರ ವಿಚ್‌ಕ್ರಾಫ್ಟ್ ಆಕ್ಟ್ ಇದನ್ನು ತಲೆಕೆಳಗು ಮಾಡಿತು. ಮಾಟ ಎಂಬುದೇ ಇಲ್ಲ, ಆ ಶಕ್ತಿ ತನಗಿದೆ ಎಂದು ನಟಿಸುವುದೇ ಅಪರಾಧ ಎಂದಿತು. ಶಿಕ್ಷೆ ಒಂದು ವರ್ಷದ ಸೆರೆವಾಸ. ಈ ಕಾಯ್ದೆ 1951ರವರೆಗೂ ಉಳಿದಿತ್ತು. ನಮ್ಮ ದೇಶದ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೂ ಇದೇ ಜಾಡಿನದು. ತಾಯಿತ, ಮಂತ್ರ, ಕವಚಗಳಿಂದ ಇಂತಿಂಥ ರೋಗ ವಾಸಿಮಾಡುತ್ತೇವೆ ಎಂಬ ಜಾಹೀರಾತುಗಳನ್ನು ಅದು ತಡೆಯುತ್ತದೆ.

‘ನನ್ನ ಕಥೆಯಲ್ಲಿ ಮಂತ್ರ ನಿಜವೇ, ಹಾಗಾದರೆ ಮೋಸದ ಕಾನೂನು ಯಾಕೆ?’ ಎಂದು ನೀವು ಕೇಳಬಹುದು. ಬೇಕೇ ಬೇಕು. ನಿಜವಾದ ವೈದ್ಯರಿರುವ ಊರಿನಲ್ಲೇ ನಕಲಿ ವೈದ್ಯರಿಗೆ ವ್ಯಾಪಾರ. ಆದ್ದರಿಂದ ನಿಮ್ಮ ರಾಜ್ಯಕ್ಕೆ ಎರಡು ಕಾಯ್ದೆ ಬೇಕು. ಇಲ್ಲದ ಶಕ್ತಿ ಇದೆ ಎನ್ನುವವರಿಗೊಂದು, ಇರುವ ಶಕ್ತಿಯನ್ನು ಕೆಟ್ಟದ್ದಕ್ಕೆ ಬಳಸುವವರಿಗೊಂದು.

ಕಾಯ್ದೆಯನ್ನು ಬರೆಯುವುದು ಹೇಗೆ ಎಂಬುದಕ್ಕೆ ನಾನು ತೋರಿಸುವ ಮಾದರಿ, ಜನ ‘ಮೌಢ್ಯ ನಿಷೇಧ ಕಾಯ್ದೆ’ ಎಂದು ಕರೆಯುವ ಕರ್ನಾಟಕದ 2017ರ ಕಾಯ್ದೆ. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ವಾಮಾಚಾರ ಕೆಟ್ಟದ್ದು ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ಅನುಸೂಚಿಯಲ್ಲಿ, ಅಂದರೆ ಕೊನೆಗೆ ಸೇರಿಸಿದ ಪಟ್ಟಿಯಲ್ಲಿ, ಒಂದೊಂದೇ ಕೃತ್ಯವನ್ನು ಹೆಸರಿಸುತ್ತದೆ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು, ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಬರಿ ಬೆರಳಿನಿಂದ ಶಸ್ತ್ರಚಿಕಿತ್ಸೆ ಮಾಡುತ್ತೇನೆ ಎನ್ನುವುದು, ಎಂಜಲೆಲೆಯ ಮೇಲೆ ಉರುಳಿಸುವುದು, ಇವೆಲ್ಲ ಅಲ್ಲಿವೆ. ಶಿಕ್ಷೆ ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಯಾವುದು ಅಪರಾಧವಲ್ಲ ಎಂಬುದನ್ನೂ ಅದು ಅಷ್ಟೇ ಸ್ಪಷ್ಟವಾಗಿ ಬರೆದಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮಕ್ಕಳಿಗೆ ಕಿವಿ ಚುಚ್ಚಿಸುವುದು, ಜೈನರ ಕೇಶಲೋಚನ, ಜ್ಯೋತಿಷ್ಯ ಮತ್ತು ವಾಸ್ತು ಸಲಹೆ, ಇವಕ್ಕೆ ವಿನಾಯಿತಿ. ಜ್ಯೋತಿಷ್ಯಕ್ಕೆ ವಿನಾಯಿತಿ ಕೊಟ್ಟದ್ದು ಸರಿಯೇ ಎಂದು ವಾದಿಸುವವರಿದ್ದಾರೆ. ನಿಮ್ಮ ರಾಜ್ಯದಲ್ಲೂ ಇಂಥ ವಾದ ಇರಲಿ, ಕಥೆಗೆ ಬಲ ಬರುತ್ತದೆ.

ಒಂದನ್ನು ಗಮನಿಸಿ. ಆ ಪಟ್ಟಿಯಲ್ಲಿ ‘ಮಂತ್ರವಾದಿಯಾಗಿರುವುದು’ ಎಂಬ ಅಪರಾಧವಿಲ್ಲ. ಇರುವುದೆಲ್ಲ ಕೃತ್ಯಗಳು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆ ನಿಲ್ಲಬೇಕಾದದ್ದು ಇದೇ ನೆಲೆಯ ಮೇಲೆ. ಕಾನೂನು ಹಿಡಿಯಬೇಕಾದದ್ದು ಮಾಡಿದ್ದನ್ನು, ಹುಟ್ಟನ್ನಲ್ಲ. ಫ್ಯಾಂಟಸಿ ಕಥೆಗಳಲ್ಲಿ ಇದನ್ನು ಮರೆಯುವುದು ಬಹಳ ಸುಲಭ. ಶಕ್ತಿ ಇರುವ ಮಕ್ಕಳನ್ನೆಲ್ಲ ಹುಟ್ಟಿದಾಗಲೇ ಪಟ್ಟಿ ಮಾಡಿ, ಕೋಟೆಯೊಳಗೆ ಇಟ್ಟರಾಯಿತು ಎಂದು ಲೇಖಕರು ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಹೇಳದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಇಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು. ಆ ಸಮುದಾಯಗಳಿಗೆ ಹತ್ತಿದ ಕಳಂಕ ಅದರ ಜೊತೆಗೆ ಹೋಗಲಿಲ್ಲ.

ಇದರ ಇನ್ನೊಂದು ಮುಖ ಸುಳ್ಳು ಆರೋಪ. ಬಿಹಾರದಲ್ಲಿ ‘ಡಾಯನ್’ ಎಂದರೆ ಮಾಟಗಾತಿ. ಒಂಟಿ ಹೆಣ್ಣಿನ ಹೊಲ ಬೇಕಾದಾಗ, ಮಗು ಸತ್ತಾಗ, ಆ ಹೆಸರು ಅವಳ ಮೇಲೆ ಬೀಳುತ್ತದೆ. 1999ರಲ್ಲಿ ಬಿಹಾರ ಮಾಡಿದ ಕಾಯ್ದೆಯ ಪ್ರಕಾರ ಒಬ್ಬಳನ್ನು ಡಾಯನ್ ಎಂದು ಗುರುತಿಸುವುದೇ ಅಪರಾಧ. ನಿಮ್ಮ ರಾಜ್ಯದಲ್ಲಿ ಮಾಟ ನಿಜವಾದ್ದರಿಂದ ಇಂಥ ಆರೋಪವನ್ನು ಜನ ಇನ್ನೂ ಬೇಗ ನಂಬುತ್ತಾರೆ. ಆದ್ದರಿಂದ ಈ ರಕ್ಷಣೆ ಅಲ್ಲಿ ಹೆಚ್ಚೇ ಬೇಕು.

ಈಗ ಅನುಮತಿಯ ಮಾತು, ಅಂದರೆ ಲೈಸೆನ್ಸ್. ಇದಕ್ಕೆ ಮಹಾಭಾರತಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ದ್ರೋಣ ಬ್ರಹ್ಮಶಿರಾಸ್ತ್ರವನ್ನು ಅರ್ಜುನನಿಗೆ ಕಲಿಸುತ್ತಾನೆ. ಮಗ ಅಶ್ವತ್ಥಾಮ ತನಗೂ ಬೇಕೆಂದು ಹಟ ಹಿಡಿಯುತ್ತಾನೆ. ಮಗನ ಚಂಚಲ ಬುದ್ಧಿ ತಂದೆಗೆ ಗೊತ್ತು. ಆದರೂ ಮನಸ್ಸಿಲ್ಲದ ಮನಸ್ಸಿನಿಂದ ಕೊಡುತ್ತಾನೆ. ಮನುಷ್ಯರ ಮೇಲೆ ಬಿಡಬೇಡ ಎಂದು ಎಚ್ಚರಿಸುತ್ತಾನೆ. ಸೌಪ್ತಿಕ ಪರ್ವದಲ್ಲಿ ಇಬ್ಬರೂ ಅಸ್ತ್ರ ಬಿಟ್ಟಾಗ ವ್ಯಾಸ ನಾರದರು ನಡುವೆ ಬಂದು ನಿಲ್ಲುತ್ತಾರೆ. ಅರ್ಜುನ ಹಿಂದಕ್ಕೆ ಕರೆಯುತ್ತಾನೆ. ಅಶ್ವತ್ಥಾಮನಿಗೆ ಹಿಂದಕ್ಕೆ ಕರೆಯಲು ಬರುವುದಿಲ್ಲ. ಅದು ಉತ್ತರೆಯ ಗರ್ಭದ ಮೇಲೆ ಹೋಗಿ ಬೀಳುತ್ತದೆ.

ಇದರಲ್ಲಿ ಲೈಸೆನ್ಸಿನ ಎರಡು ನಿಯಮಗಳು ಸಿಗುತ್ತವೆ. ಹಿಂತೆಗೆಯಲು ಬಾರದವನಿಗೆ ಬಿಡಲು ಅನುಮತಿ ಕೊಡಬಾರದು. ಪರೀಕ್ಷೆ ಮಾಡುವವನು ಅಭ್ಯರ್ಥಿಯ ತಂದೆಯಾಗಿರಬಾರದು. ಮೂರನೆಯದು ದ್ರೋಣಪರ್ವದಲ್ಲಿದೆ. ಅಸ್ತ್ರವಿದ್ಯೆ ಗೊತ್ತಿಲ್ಲದ ಸೈನಿಕರನ್ನು ದ್ರೋಣ ಬ್ರಹ್ಮಾಸ್ತ್ರದಿಂದ ಸುಡುವಾಗ ಋಷಿಗಳು ಬಂದು, ಇದು ಅಧರ್ಮ, ನಿಲ್ಲಿಸು ಎನ್ನುತ್ತಾರೆ. ಆ ವಿದ್ಯೆ ಇಲ್ಲದವರ ಮೇಲೆ ಅದನ್ನು ಪ್ರಯೋಗಿಸಕೂಡದು ಎಂಬುದು ಎಲ್ಲ ಮಾಂತ್ರಿಕ ರಾಜ್ಯಗಳಿಗೂ ಒಪ್ಪುವ ಕಲಮು.

ಲೈಸೆನ್ಸ್ ಹೇಗಿರಬೇಕು? ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಹೊನ್ನವ್ವ ಮಳೆ ಕರೆಯುವವಳು. ಮೇಲಿನ ಹಳ್ಳಿಯವರು ಹಣ ಕೊಟ್ಟು ತಮ್ಮ ಕೆರೆಗೆ ಮಳೆ ತರಿಸುತ್ತಾರೆ. ಕೆಳಗಿನ ಹಳ್ಳಿಗೆ ಹೋಗಬೇಕಿದ್ದ ಮೋಡ ಇಲ್ಲೇ ಬರಿದಾಗುತ್ತದೆ. ಆದ್ದರಿಂದ ಅವಳ ಲೈಸೆನ್ಸಿನಲ್ಲಿ ‘ಮಳೆ ಕರೆಯಬಹುದು’ ಎಂಬ ಒಂದೇ ಸಾಲು ಇದ್ದರೆ ಸಾಲದು. ಯಾವ ಗುಡ್ಡದಿಂದ ಯಾವ ಹಳ್ಳದವರೆಗೆ ಎಂದಿರಬೇಕು. ಕಣದಲ್ಲಿ ರಾಶಿ ಇರುವ ಸುಗ್ಗಿಯ ದಿನಗಳಲ್ಲಿ ಕರೆಯಕೂಡದು ಎಂದಿರಬೇಕು. ಎರಡೂ ಕೆರೆಗಳ ನೀರುಗಂಟಿಗಳು ಒಪ್ಪಿ ಹೆಬ್ಬೆಟ್ಟು ಒತ್ತಿರಬೇಕು. ಮೂರು ದಿನ ಮೊದಲು ಡಂಗುರ ಸಾರಿಸಬೇಕು. ಬಿದ್ದ ಮಳೆಯನ್ನು ನಿಲ್ಲಿಸಲೂ ಬರುತ್ತದೆ ಎಂದು ಪರೀಕ್ಷೆಯಲ್ಲಿ ತೋರಿಸಿರಬೇಕು. ಇಷ್ಟು ಬರೆಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಎರಡು ಹಳ್ಳಿಗಳ ಜಗಳ, ಒಬ್ಬ ಲಂಚಕೋರ ನೀರುಗಂಟಿ, ಒಂದು ಅಕಾಲ ಮಳೆ ಎಲ್ಲ ಸಿದ್ಧವಾಗಿರುತ್ತವೆ. ಕಾನೂನು ಕಥೆಯನ್ನು ಒಣಗಿಸುತ್ತದೆ ಎಂಬ ಹೆದರಿಕೆ ಬೇಡ.

ಕಾವಲು ಮತ್ತು ಸಾಕ್ಷ್ಯದ ವಿಷಯ ಬಹಳ ಸೂಕ್ಷ್ಮ. ಹ್ಯಾರಿ ಪಾಟರ್ ಕಥೆಗಳಲ್ಲಿ 17 ವರ್ಷ ತುಂಬದವರ ಮೇಲೆ ‘ಟ್ರೇಸ್’ ಎಂಬ ಕಾವಲು ಇರುತ್ತದೆ. ಅದು ಮಂತ್ರ ನಡೆದ ಜಾಗ ಹೇಳುತ್ತದೆ, ಮಾಡಿದವರನ್ನಲ್ಲ. ಮನೆಯಾಳು ಡಾಬಿ ಸಿಹಿತಿಂಡಿಯ ಪಾತ್ರೆಯನ್ನು ಗಾಳಿಯಲ್ಲಿ ತೇಲಿಸಿದರೆ ಎಚ್ಚರಿಕೆಯ ಪತ್ರ ಹ್ಯಾರಿಗೆ ಬರುತ್ತದೆ. ಕಾವಲಿನ ತಪ್ಪು ಯಾರ ತಲೆಗೆ ಬರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ನಿಜಜೀವನದ ಉದಾಹರಣೆ ಘೋರವಾದದ್ದು. ಅಮೆರಿಕದ ಸೇಲಂನಲ್ಲಿ 1692ರಲ್ಲಿ ‘ಇವಳ ಛಾಯೆ ಬಂದು ನನ್ನನ್ನು ಹಿಂಸಿಸಿತು’ ಎಂಬ ಹೇಳಿಕೆಯನ್ನೇ ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಿತು. ಹೇಳುವವರಿಗೆ ಮಾತ್ರ ಕಾಣುವ ಛಾಯೆಯನ್ನು ಆರೋಪಿ ಹೇಗೆ ಅಲ್ಲಗಳೆಯಬೇಕು? 19 ಜನರನ್ನು ಗಲ್ಲಿಗೇರಿಸಿದರು. 1693ರಲ್ಲಿ ಹೊಸ ನ್ಯಾಯಾಲಯ ಅಂಥ ಸಾಕ್ಷ್ಯವನ್ನು ಬದಿಗಿಟ್ಟಾಗ ಹೆಚ್ಚಿನವರು ಬಿಡುಗಡೆಯಾದರು. ನಿಮ್ಮ ನ್ಯಾಯಾಲಯದಲ್ಲಿ ಎರಡೂ ಕಡೆಯವರು ಪರೀಕ್ಷಿಸಿ ನೋಡಬಲ್ಲ ಸಾಕ್ಷ್ಯಕ್ಕೆ ಮಾತ್ರ ಬೆಲೆ ಇರಲಿ.

ಆಡಳಿತ ಯಾರ ಕೈಯಲ್ಲಿ? ಮಾಂತ್ರಿಕರ ಸಂಘದ ಕೈಗೇ ಕೊಟ್ಟರೆ ಅವರು ತಮ್ಮವರನ್ನು ಬಿಟ್ಟುಕೊಡುವುದಿಲ್ಲ. ಮಂತ್ರ ತಿಳಿಯದ ಅಧಿಕಾರಿಗಳಿಗೆ ಕೊಟ್ಟರೆ ಅವರಿಗೆ ಏನು ನಡೆಯುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಇಬ್ಬರೂ ಕೂತ ಮಂಡಳಿ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ರಾಜನನ್ನು ಕಟ್ಟಿಹಾಕುವುದು. ಕೌಟಿಲ್ಯನ ಅರ್ಥಶಾಸ್ತ್ರ ನೋಡಿ. ನಾಲ್ಕನೆಯ ಅಧಿಕರಣದಲ್ಲಿ ಗೂಢಚಾರ ವಶೀಕರಣ ಮಾಡುವವನ ಹತ್ತಿರ ಹೋಗುತ್ತಾನೆ. ಇಂಥವಳ ಮೇಲೆ ನನಗೆ ಮನಸ್ಸಾಗಿದೆ, ಅವಳನ್ನು ಒಲಿಸಿಕೊಡು ಎಂದು ಹಣ ಚಾಚುತ್ತಾನೆ. ಒಪ್ಪಿಕೊಂಡರೆ ಅವನಿಗೆ ಗಡೀಪಾರು. ಇಂದಿನ ಭಾಷೆಯಲ್ಲಿ ಇದು ಸ್ಟಿಂಗ್ ಕಾರ್ಯಾಚರಣೆ. ಅದೇ ಅಧಿಕರಣ, ದೈವಿಕ ಆಪತ್ತುಗಳನ್ನು ತಡೆಯಬಲ್ಲ ಸಿದ್ಧರನ್ನು ರಾಜ ಗೌರವದಿಂದ ಇರಿಸಿಕೊಳ್ಳಬೇಕು ಎನ್ನುತ್ತದೆ. ಹದಿನಾಲ್ಕನೆಯ ಅಧಿಕರಣವಂತೂ ಶತ್ರುವಿನ ಮೇಲೆ ಬಳಸುವ ರಹಸ್ಯ ಪ್ರಯೋಗಗಳಿಗೇ ಮೀಸಲು. ಪ್ರಜೆಗೆ ನಿಷಿದ್ಧವಾದದ್ದು ರಾಜನಿಗೆ ಆಯುಧ! ಜಪಾನಿನ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಕಥೆಯಲ್ಲೂ ಸರ್ಕಾರಿ ರಸವಾದಿಗಳು ಚಿನ್ನ ಮಾಡಕೂಡದು, ಮನುಷ್ಯರನ್ನು ಸೃಷ್ಟಿಸಕೂಡದು, ಆದರೆ ಸೇನೆಗೆ ವಿಧೇಯರಾಗಿರಬೇಕು. ದುರಂತ ಹುಟ್ಟುವುದೇ ಆ ಮೂರನೆಯ ನಿಯಮದಿಂದ. ಪ್ರಜೆಗಿರುವ ನಿಷೇಧ ಅರಮನೆಗೂ ಇರಬೇಕು. ಅದನ್ನು ಮುರಿದರೆ ರಾಜನ ಮೇಲೂ ದೂರು ಕೊಡಲು ಒಂದು ಬಾಗಿಲು ತೆರೆದಿರಬೇಕು.

ಇನ್ನು ಖರ್ಚು. ಪರೀಕ್ಷೆ, ಮಂಡಳಿ, ಕಾವಲು ಇವಕ್ಕೆ ಲೈಸೆನ್ಸ್ ಶುಲ್ಕ ಸಾಕು. ಆದರೆ ಶುಲ್ಕ ದುಬಾರಿಯಾದರೆ ಬಡವರ ಮಕ್ಕಳು ಕದ್ದು ಕಲಿಯುತ್ತಾರೆ, ಅಪಾಯ ಹೆಚ್ಚುತ್ತದೆ. ಕಲಿಕೆಯ ಹಂತ ಉಚಿತವಾಗಿರಲಿ. ದೊಡ್ಡ ಖರ್ಚು ಪರಿಹಾರದ್ದು. ದೆಹಲಿಯ ಕಾರ್ಖಾನೆಯೊಂದರಿಂದ 1985ರಲ್ಲಿ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ‘ಸಂಪೂರ್ಣ ಹೊಣೆ’ ಎಂಬ ತತ್ವ ಹೇಳಿತು. ಅಪಾಯಕಾರಿ ಕೆಲಸದಿಂದ ಲಾಭ ಪಡೆಯುವವರು, ಎಷ್ಟೇ ಎಚ್ಚರ ವಹಿಸಿದ್ದೆವು ಎಂದರೂ, ನಷ್ಟ ತುಂಬಿಕೊಡಲೇಬೇಕು. ಬೆಂಕಿ ಮಾಂತ್ರಿಕನಿಗೆ ಇದಕ್ಕಿಂತ ಒಪ್ಪುವ ನಿಯಮ ಇನ್ನೊಂದಿಲ್ಲ. ಬಣವೆ ಸುಟ್ಟ ರೈತ ‘ಅವನು ಅಜಾಗರೂಕನಾಗಿದ್ದ’ ಎಂದು ಸಾಬೀತು ಮಾಡುತ್ತ ಕೂರಬೇಕಿಲ್ಲ. ಆದರೆ ಅಷ್ಟು ಹಣ ಒಬ್ಬ ಮಾಂತ್ರಿಕನ ಬಳಿ ಇರುವುದಿಲ್ಲ. ಅದಕ್ಕೆ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬುವ ವಿಮೆ, ಕಡ್ಡಾಯ ಮಾಡಿ. ನಮ್ಮಲ್ಲಿ ವಾಹನಗಳಿಗೆ ಅದು ಈಗಲೂ ಕಡ್ಡಾಯ.

ಇವೆಲ್ಲ ಓದಲು ಎಲ್ಲಿ ಸಿಗುತ್ತವೆ? ಕೇಂದ್ರ ಮತ್ತು ರಾಜ್ಯ ಕಾಯ್ದೆಗಳು ‘ಇಂಡಿಯಾ ಕೋಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಉಚಿತ. ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಅನುವಾದಗಳೂ ವ್ಯಾಸಭಾರತದ ಕನ್ನಡ ಗದ್ಯಾನುವಾದಗಳೂ ದೊಡ್ಡ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಎಲ್ಲ ಓದಲು ಸಮಯವಿಲ್ಲದಿದ್ದರೆ ಮೌಢ್ಯ ನಿಷೇಧ ಕಾಯ್ದೆಯ ಅನುಸೂಚಿಯಿಂದ ಶುರು ಮಾಡಿ. ಅದು ಕೆಲವೇ ಪುಟ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ರಾಜ್ಯದ ಅನುಸೂಚಿ ಬರೆಯಿರಿ. ವಿನಾಯಿತಿಗಳ ಪಟ್ಟಿಯನ್ನೂ ಅದೇ ದಿನ ಬರೆಯಿರಿ.